ಸುಟ್ಟ ಗಿರಣಿಗಳ ಲೆಕ್ಕ

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರ ಅಕ್ಟೋಬರ್ 7ರಂದು, ಉತ್ತರದ ಸೇನೆಯ ಜನರಲ್ ಫಿಲಿಪ್ ಶೆರಿಡನ್ ವರ್ಜೀನಿಯಾದ ವುಡ್‌ಸ್ಟಾಕ್‌ನಿಂದ ತನ್ನ ಸೇನಾಪತಿ ಗ್ರಾಂಟ್‌ಗೆ ಬರೆದ ವರದಿಯಲ್ಲಿ ಎರಡು ಅಂಕಿಗಳಿವೆ. ಗೋಧಿ, ಹುಲ್ಲು, ಬೇಸಾಯದ ಸಲಕರಣೆಗಳಿದ್ದ 2,000ಕ್ಕೂ ಹೆಚ್ಚು ಉಗ್ರಾಣಗಳನ್ನೂ, ಹಿಟ್ಟು ಮತ್ತು ಗೋಧಿ ತುಂಬಿದ್ದ 70ಕ್ಕೂ ಹೆಚ್ಚು ಗಿರಣಿಗಳನ್ನೂ ನಾಶಮಾಡಿದ್ದಾಗಿ ಆತ ತಿಳಿಸುತ್ತಾನೆ. ಶೆನಂಡೋವಾ ಕಣಿವೆಯ ಈ ದಹನವನ್ನು ಓದಿದವರಿಗೆಲ್ಲ ಮೊದಲ ಅಂಕಿಯೇ ದೊಡ್ಡದಾಗಿ ಕಾಣುತ್ತದೆ. ನನ್ನನ್ನು ಬಹುಕಾಲದಿಂದ ಕಾಡುತ್ತಿರುವುದು ಎರಡನೆಯದು.

ಉಗ್ರಾಣ ಸುಟ್ಟರೆ ನೆರೆಹೊರೆಯವರು ಕೂಡಿ ಮತ್ತೊಂದನ್ನು ಎಬ್ಬಿಸಬಹುದು. ಗಿರಣಿ ಹಾಗಲ್ಲ. ತೊರೆಗೆ ಕಟ್ಟಿದ ಒಡ್ಡು, ನೀರು ತರುವ ಕಾಲುವೆ, ಚಕ್ರ, ಅದರ ಸುತ್ತನ್ನು ಕಲ್ಲಿಗೆ ದಾಟಿಸುವ ಹಲ್ಲುಗಾಲಿಗಳು, ಸವೆದ ಕಲ್ಲಿಗೆ ಮತ್ತೆ ಗೀರು ಕೊರೆಯಬಲ್ಲ ಅನುಭವಿಯ ಕೈ, ಇವೆಲ್ಲ ಸೇರಿದರೆ ಮಾತ್ರ ಕಾಳು ಹಿಟ್ಟಾಗುತ್ತದೆ. ನಾನು ಚಿಕ್ಕವನಿದ್ದಾಗ ಒಂದು ಮಳೆಗಾಲದಲ್ಲಿ ಕರೆಂಟು ಹೋಗಿ ನಮ್ಮೂರಿನ ಗಿರಣಿ ನಾಲ್ಕು ದಿನ ನಿಂತಿತ್ತು. ಚೀಲದ ತುಂಬ ಜೋಳವಿದ್ದರೂ ರೊಟ್ಟಿಯಿರಲಿಲ್ಲ. ಕೊನೆಗೆ ಅಜ್ಜಿ ಹಿತ್ತಿಲಲ್ಲಿ ಬಿದ್ದಿದ್ದ ಬೀಸುಕಲ್ಲನ್ನು ತೊಳೆದು ಬೀಸಲು ಕೂತಳು. ಮನೆಯಲ್ಲಿ ಧಾನ್ಯವಿರುವುದಕ್ಕೂ ಅನ್ನವಿರುವುದಕ್ಕೂ ನಡುವೆ ಎಷ್ಟು ದೂರವಿದೆಯೆಂದು ನಾನು ಕಂಡದ್ದು ಆಗಲೇ.

ಆ ಕಣಿವೆ, ದೇಶದಿಂದ ಬೇರೆಯಾಗಿ ಹೋರಾಡುತ್ತಿದ್ದ ದಕ್ಷಿಣ ರಾಜ್ಯಗಳ ಒಕ್ಕೂಟದ ಕಣಜವಾಗಿತ್ತು. ಸೈರಸ್ ಮೆಕಾರ್ಮಿಕ್ ತನ್ನ ಕೊಯ್ಲು ಯಂತ್ರವನ್ನು 1831ರಲ್ಲಿ ಮೊದಲು ಓಡಿಸಿ ತೋರಿಸಿದ್ದು ಅಲ್ಲಿಯೇ. ಕಣಿವೆಯ ಹಿಟ್ಟು ಒಕ್ಕೂಟದ ಸೇನಾನಿ ಜನರಲ್ ಲೀಯ ಸೈನಿಕರಿಗೂ ಹೋಗುತ್ತಿತ್ತು. 1862ರಲ್ಲಿ ಒಕ್ಕೂಟದ ಸರ್ಕಾರ ಗಿರಣಿಗಾರರನ್ನು ಕಡ್ಡಾಯ ಸೈನ್ಯ ಸೇವೆಯಿಂದ ಬಿಟ್ಟುಕೊಟ್ಟಿತೆಂದರೆ, ಕೋವಿ ಹಿಡಿಯುವವನಷ್ಟೇ ಹಿಟ್ಟು ಬೀಸುವವನೂ ಅಗತ್ಯವೆಂದು ಅದು ಒಪ್ಪಿಕೊಂಡಂತೆಯೇ ಆಯಿತು. ಮರುವರ್ಷದ ಏಪ್ರಿಲ್‌ನಲ್ಲಿ ರಾಜಧಾನಿ ರಿಚ್ಮಂಡ್‌ನ ಹೆಂಗಸರು ರೊಟ್ಟಿಗಾಗಿ ಕೂಗುತ್ತ ಅಂಗಡಿಗಳಿಗೆ ನುಗ್ಗಿದ್ದರು. ಹಾಗಾಗಿ ಶೆರಿಡನ್‌ನ ಲೆಕ್ಕಾಚಾರ ನನಗೆ ಅರ್ಥವಾಗದೆ ಇಲ್ಲ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ಪಕ್ಷ ಸೋತದ್ದು ನ್ಯಾಯವೆಂಬುದರಲ್ಲಿಯೂ ನನಗೆ ಸಂದೇಹವಿಲ್ಲ.

ಆದರೂ ಬೆಂಕಿ ತಗುಲಿದ್ದು ಯಾರಿಗೆ ಎಂದು ಕೇಳಲೇಬೇಕು. ಕಣಿವೆಯ ರಾಕಿಂಗ್‌ಹ್ಯಾಮ್ ಜಿಲ್ಲೆಯಲ್ಲಿ ಮೆನ್ನೊನೈಟ್ ಮತ್ತು ಡಂಕರ್ ಎಂಬ ಕ್ರೈಸ್ತ ಪಂಗಡಗಳ ರೈತರು ಬಹಳವಿದ್ದರು. ಆಯುಧ ಹಿಡಿಯುವುದು ಅವರ ಧರ್ಮಕ್ಕೆ ಒಪ್ಪಿಗೆಯಾಗಿರಲಿಲ್ಲ, ಗುಲಾಮಗಿರಿಯೂ ಒಪ್ಪಿಗೆಯಾಗಿರಲಿಲ್ಲ. ಹ್ಯಾರಿಸನ್‌ಬರ್ಗ್ ಸುತ್ತಲಿನಿಂದ 400ಕ್ಕೂ ಹೆಚ್ಚು ಬಂಡಿಗಳಲ್ಲಿ ನಿರಾಶ್ರಿತರನ್ನು ಉತ್ತರಕ್ಕೆ ಕಳಿಸಿದ್ದಾಗಿಯೂ, ಅವರಲ್ಲಿ ಹೆಚ್ಚಿನವರು ಡಂಕರರೆಂದೂ ಶೆರಿಡನ್‌ನ ಅದೇ ವರದಿ ಹೇಳುತ್ತದೆ. ಬಿಡುಗಡೆಗಾಗಿ ಕಾದಿದ್ದ ಗುಲಾಮರ ಪಾಲಿನ ಹಿಟ್ಟೂ ಬಂದದ್ದು ಅಂಥ ಗಿರಣಿಗಳಿಂದಲೇ ಅಲ್ಲವೇ? ಎದುರಾಳಿ ಸೈನಿಕನ ರೊಟ್ಟಿಯನ್ನು ಮಾತ್ರ ಸುಡುವ ಬೆಂಕಿ ಯಾವುದೂ ಇಲ್ಲ.

ಅದೇ ಕಣಿವೆಯ ಎಡಿನ್‌ಬರ್ಗ್ ಎಂಬ ಊರಿನಲ್ಲಿ 1848ರ ಸುಮಾರಿಗೆ ಕಟ್ಟಿದ ಗಿರಣಿಯೊಂದು ಉಳಿದುಕೊಂಡಿತು. ಇಬ್ಬರು ಹೆಣ್ಣುಮಕ್ಕಳು ಅಳುತ್ತ ಬೇಡಿಕೊಂಡದ್ದರಿಂದ ಬೆಂಕಿಯನ್ನು ಆರಿಸಲಾಯಿತೆಂಬುದು ಅಲ್ಲಿನ ಐತಿಹ್ಯ. ಈಗ ಅದು ವಸ್ತುಸಂಗ್ರಹಾಲಯ. ಆ ಕಥೆ ನಿಜವಿರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಆದರೆ ಊರಿನ ಅನ್ನ ಮಕ್ಕಳ ಕಣ್ಣೀರಿನ ಮೇಲೆ ನಿಲ್ಲಬಾರದು, ಕಾನೂನಿನ ಮೇಲೆ ನಿಲ್ಲಬೇಕು.

ಅಂಥ ಕಾನೂನು ಬರಲು ಇನ್ನೂ 113 ವರ್ಷ ಬೇಕಾಯಿತು. ಯುದ್ಧದ ನಡವಳಿಕೆಗೆ ಮಿತಿ ಹಾಕುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ 54ನೇ ವಿಧಿ, ನಾಗರಿಕರು ಬದುಕಲು ಅನಿವಾರ್ಯವಾದ ಆಹಾರ, ಬೆಳೆ, ಜಾನುವಾರು, ಕುಡಿಯುವ ನೀರಿನ ವ್ಯವಸ್ಥೆಗಳ ನಾಶವನ್ನು ನಿಷೇಧಿಸುತ್ತದೆ. ಕೇವಲ ಸೈನಿಕರ ಊಟಕ್ಕೆ ಬಳಕೆಯಾಗುವ ವಸ್ತುಗಳಿಗೆ ಅದರಲ್ಲಿ ವಿನಾಯಿತಿಯಿದೆ. ಹಳ್ಳಿಯ ಗಿರಣಿ ಕೇವಲ ಸೈನಿಕರಿಗಾಗಿ ಎಂದಾದರೂ ತಿರುಗಿದ್ದುಂಟೇ? ಆ ಪಟ್ಟಿಯಲ್ಲಿ ಗಿರಣಿಯ ಹೆಸರೂ ಸ್ಪಷ್ಟವಾಗಿ ಇರಬೇಕಿತ್ತೆಂಬುದು ನನ್ನ ಅಭಿಪ್ರಾಯ. ಅಮೆರಿಕ ಈ ಪ್ರೋಟೊಕಾಲ್‌ಗೆ ಸಹಿ ಹಾಕಿದರೂ ಅಂಗೀಕರಿಸಲಿಲ್ಲ. ನಮ್ಮ ಭಾರತವೂ ಅದಕ್ಕೆ ಸೇರಿಲ್ಲ. ಸೇರಬೇಕೆಂದು ನಾವು ಕೇಳಬೇಕು.