ಫ್ರೆಂಚ್ ಬಾಗಿಲು, ಒದ್ದೆ ಸಾಕ್ಸು

ಅಡುಗೆಮನೆಯ ಮಾಡಿಗೆ ಗೆದ್ದಲು ಹಿಡಿಯದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕೊಡಗಿನ ನಾಪೋಕ್ಲಿನಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ಇರುವ ಹಳೇ ಹೆಂಚಿನ ಮನೆ ನಮ್ಮದು. ನಾಲ್ಕು ಪಕಾಸು ಬದಲಾಯಿಸೋಣ ಅಂತ ಹೊರಟೆ. "ಹೇಗೂ ಕೆಡವ್ತಿದ್ದೀರಲ್ಲ, ಹಾಗೇ ಸಿಂಕೂ ಹೊಸದು ಹಾಕ್ಸಿಬಿಡಿ" ಅಂದಳು ಹೆಂಡತಿ. ಸಿಂಕಿನ ಹಿಂದೆ ಗ್ರಾನೈಟ್ ಕಟ್ಟೆ ಬಂತು, ಕಟ್ಟೆಯ ಹಿಂದೆ ಕಪಾಟು ಬಂತು, ಕಪಾಟಿನ ಹಿಂದೆ ಬೆಂಗಳೂರಿನಲ್ಲಿರುವ ಮಗಳ ವಾಟ್ಸಾಪ್ ಬಂತು. ಅದರಲ್ಲಿ ಯಾರದೋ ಅಡುಗೆಮನೆಯ ಫೋಟೋ. ಕಣ್ಣರಳಿಸಿ ನೋಡಿದರೂ ಫ್ರಿಜ್ ಮಾತ್ರ ಕಾಣಲಿಲ್ಲ.

"ಅಪ್ಪಾ, ಆ ದೊಡ್ಡ ಕಪಾಟೇ ಫ್ರಿಜ್ಜು. ಬಿಲ್ಟ್-ಇನ್ ಫ್ರೆಂಚ್ ಡೋರ್. ಅಮ್ಮಂಗೂ ಅದೇ ಬೇಕಂತೆ."

ಅಮ್ಮಂಗೆ ಬೇಕು ಅಂತ ಅಮ್ಮ ನನಗೆ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡ ಖರ್ಚಿನ ಸುದ್ದಿಯೆಲ್ಲ ಬೆಂಗಳೂರಿಗೆ ಹೋಗಿ ಸುತ್ತಿ ಬರುತ್ತದೆ.

ಫ್ರೆಂಚ್ ಡೋರ್ ಅಂದರೆ ಏನೂ ಇಲ್ಲ. ಮೇಲೆ ಫ್ರಿಜ್, ಅದಕ್ಕೆ ನಡುವಿನಿಂದ ಎರಡೂ ಕಡೆಗೆ ತೆರೆಯುವ ಬಾಗಿಲು, ಕೆಳಗೆ ಎಳೆಯುವ ಡ್ರಾಯರ್ ಥರ ಫ್ರೀಜರ್. ಅವ್ವನಿಗೆ ಇದನ್ನು ವಿವರಿಸಿದೆ. ಅವ್ವ ಅಡಕೆ ಕತ್ತರಿಸುತ್ತಾ, "ನನ್ನ ತೌರುಮನೆ ಮುಂಬಾಗಿಲಿಗೂ ಎರಡು ರೆಕ್ಕೆ ಇತ್ತು ಮಗಾ, ಅದನ್ನ ಯಾರೂ ಫ್ರೆಂಚ್ ಅನ್ಲಿಲ್ಲ" ಅಂದಳು.

ಮೈಸೂರಿನ ಅಂಗಡಿಗೆ ಹೋದೆವು. ನಿಜವಾದ ಬಿಲ್ಟ್-ಇನ್ ಅಂದರೆ ಕಪಾಟಿನ ಗೂಡಿನೊಳಗೆ ಕೂತು, ಕಟ್ಟೆಯ ಅಂಚಿಗೆ ಸಮ ನಿಲ್ಲುವಂಥದ್ದು. ಅಗಲ 36 ಇಂಚು, ಆಳ 24 ಇಂಚು, ಎತ್ತರ 84 ಇಂಚು. ಅಂದರೆ ಪೂರಾ 7 ಅಡಿ. ಒಲೆಯ ಮೇಲೆ ಅವ್ವ ಹಂದಿ ಮಾಂಸ ಹೊಗೆಗೆ ಒಣಹಾಕುವ ಅಟ್ಟ ಇರುವುದೇ ಆರೂವರೆ ಅಡಿಯಲ್ಲಿ. ಅಟ್ಟ ತೆಗೆಯಬೇಕಾಗಬಹುದು ಅಂತ ಫೋನಿನಲ್ಲಿ ಹೇಳಿದ್ದಕ್ಕೆ ಅವ್ವ, "ಅಟ್ಟ ತೆಗೀಬೇಕಾದ್ರೆ ಮೊದ್ಲು ನನ್ನ ತೆಗೀರಿ" ಅಂದು ಫೋನ್ ಇಟ್ಟಳು. ಬೆಲೆ ಕೇಳಿದ ಮೇಲೆ ಅಟ್ಟದ ಮೇಲೆ ನನಗೂ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು.

ಕೊನೆಗೆ ಸಾಮಾನ್ಯ ಫ್ರೆಂಚ್ ಡೋರ್ ತಗೊಂಡು, ಸುತ್ತ ಕಪಾಟು ಕಟ್ಟಿಸಿ, ಬಿಲ್ಟ್-ಇನ್ ಥರ ಕಾಣುವ ಹಾಗೆ ಮಾಡುವುದು ಅಂತಾಯಿತು. ಇದೂ ಅಗಲ 36 ಇಂಚು, ಆದರೆ 6 ಅಡಿಗೂ ಕಮ್ಮಿ ಎತ್ತರ. ಅಂಗಡಿಯ ಹುಡುಗ ಒಂದು ಸ್ಟಿಕ್ಕರ್ ತೋರಿಸಿ, "ಟಿ ಕ್ಲಾಸ್ ಸಾರ್, ರೂಮ್ 43 ಡಿಗ್ರಿ ಇದ್ರೂ ಕೆಲ್ಸ ಮಾಡುತ್ತೆ" ಅಂದ. ಅದೇ ಸ್ಟಿಕ್ಕರಿನ ಪ್ರಕಾರ ಕೆಳಗಿನ ಮಿತಿ 16 ಡಿಗ್ರಿ. ಜನವರಿಯ ಬೆಳಿಗ್ಗೆ ನಮ್ಮ ಅಡುಗೆಮನೆ ಅದಕ್ಕಿಂತ ತಣ್ಣಗಿರುತ್ತದಪ್ಪಾ ಅಂದೆ. ಹುಡುಗ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಒಲೆ ಇದೆಯಲ್ಲಾ ಸಾರ್?" ಅಂದ. ಬುದ್ಧಿವಂತ.

ಇನ್ನು ಅಳತೆ. ಇಡೀ ತೋಟದ ಬೇಲಿ ಅಳೆದವನು ನಾನು, ಒಂದು ಫ್ರಿಜ್ ಅಳೆಯಲಾರೆನೇ? 36 ಇಂಚಿನ ಫ್ರಿಜ್ಜಿಗೆ 36 ಇಂಚಿನ ಗೂಡು ಅಂತ ಬರೆದು ಆಚಾರಿಗೆ ಚೀಟಿ ಕೊಟ್ಟೆ. ಆಚಾರಿ ಚೀಟಿ ನೋಡಿದ, ನನ್ನ ನೋಡಿದ. "ಸಾರ್, ಇದ್ರಲ್ಲಿ ಉಗುರು ಹೋಗೋಕೂ ಜಾಗ ಇಲ್ವಲ್ಲ." ಫ್ರಿಜ್ಜಿನ ಪುಸ್ತಕ ಬಿಡಿಸಿ ನೋಡಿದರೆ ಹೌದು, ಎರಡೂ ಪಕ್ಕ, ಹಿಂದೆ, ಮೇಲೆ ಎಲ್ಲ ಕಡೆ 2 ಇಂಚು ಬಿಡಬೇಕಂತೆ. ಒಳಗಿನ ಬಿಸಿಯನ್ನು ಎಳೆದು ಹೊರಗೆ ಬಿಡುವುದೇ ಅದರ ಕೆಲಸವಾದ್ದರಿಂದ, ಆ ಬಿಸಿ ಹೋಗಲಿಕ್ಕೆ ದಾರಿ ಬೇಕು, ಇಲ್ಲದಿದ್ದರೆ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಲೇ ಇರುತ್ತದೆ. ಗೂಡು ದೊಡ್ಡದಾಯಿತು, ಪಾತ್ರೆ ಕಪಾಟು ಸಣ್ಣದಾಯಿತು, ಹೆಂಡತಿಯ ಮುಖ ಇನ್ನೂ ಸಣ್ಣದಾಯಿತು.

ಜೂನ್ ಮೊದಲ ವಾರ ಫ್ರಿಜ್ ಬಂತು. ಅದರ ಜೊತೆಗೇ ಮಳೆಯೂ ಬಂತು. ಲಾರಿ ನಮ್ಮ ಏರು ಹತ್ತುವುದಿಲ್ಲ ಅಂತ ಗೇಟಿನ ಹತ್ತಿರವೇ ನಿಂತಿತು. ತೋಟದ ಆರು ಜನ ಪ್ಲಾಸ್ಟಿಕ್ ಹೊದ್ದು, ಫ್ರಿಜ್ಜಿಗೂ ಪ್ಲಾಸ್ಟಿಕ್ ಹೊದಿಸಿ, ದೇವರ ಉತ್ಸವದ ಹಾಗೆ ಮೇಲೆ ತಂದರು. ಜಗಲಿಗೆ ಬಂದ ಮೇಲೆ ಗೊತ್ತಾಯಿತು, ನಮ್ಮ ಮುಂಬಾಗಿಲು 32 ಇಂಚು. ಅದನ್ನು ನಾನು ಅಳೆದಿರಲೇ ಇಲ್ಲ. ಅಡ್ಡ ತಿರುಗಿಸಿದರೂ ಹಿಡಿಕೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಫ್ರಿಜ್ಜಿನ ಬಾಗಿಲು ಬಿಚ್ಚಿದರು. ಸಾಲಲಿಲ್ಲ. ಮನೆಯ ಬಾಗಿಲೂ ಬಿಚ್ಚಿದರು. ಅರ್ಧ ಗಂಟೆ ಹೊತ್ತು ಬಾಗಿಲಿಲ್ಲದ ಮನೆಯ ಮುಂದೆ ಬಾಗಿಲಿಲ್ಲದ ಫ್ರಿಜ್ ನಿಂತಿತ್ತು. ಇರಚಲು ನೇರ ದೇವರ ಕೋಣೆಯವರೆಗೂ ಹೊಡೆಯುತ್ತಿತ್ತು. ಅವ್ವ ಕೊಡೆ ಬಿಡಿಸಿ ನಡುಮನೆಯಲ್ಲೇ ಕೂತಿದ್ದಳು.

ಕೂರಿಸಿದ ಮೇಲೆ ಇನ್ನೊಂದು ತಮಾಷೆ. ಎಡಗಡೆ ಗೋಡೆ ಇದೆ. ಎಡ ರೆಕ್ಕೆ ಸರಿಯಾಗಿ 90 ಡಿಗ್ರಿ ತೆರೆದು, ಹಿಡಿಕೆ ಗೋಡೆಗೆ ಬಡಿದು ನಿಂತಿತು. ತರಕಾರಿ ಡ್ರಾಯರ್ ಹೊರಗೆ ಬರಬೇಕಾದರೆ ಬಾಗಿಲು ಅದಕ್ಕಿಂತ ಜಾಸ್ತಿ ತೆರೆಯಬೇಕು. ಕುಂಬಳಕಾಯಿ ಒಳಗೆ ಕಾಣುತ್ತದೆ, ಕೈಗೆ ಬರುವುದಿಲ್ಲ. ಆಚಾರಿಯನ್ನು ಮತ್ತೆ ಕರೆಯಲು ನನಗೆ ನಾಚಿಕೆ. ಸುಮ್ನೆ ಬಿಟ್ಟೆ. ಹಳೇ ಮಣ್ಣಿನ ಗೋಡೆ, ಮೂರು ವಾರದಲ್ಲಿ ಹಿಡಿಕೆಯೇ ಬಡಿದು ಬಡಿದು ತನಗೆ ಬೇಕಾದಷ್ಟು ಗುಳಿ ಮಾಡಿಕೊಂಡಿತು. ಈಗ ಡ್ರಾಯರ್ ಚೆನ್ನಾಗಿ ಬರುತ್ತದೆ.

ಜುಲೈಯಲ್ಲಿ ಮರ ಬಿದ್ದು ಕರೆಂಟ್ ಹೋಯಿತು. ಕೊಡಗಿನಲ್ಲಿ ಇದೇನು ಸುದ್ದಿಯಲ್ಲ. ಬಾಗಿಲು ತೆಗೆಯದೇ ಇದ್ದರೆ ಫ್ರಿಜ್ ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಡೆಯುತ್ತದೆ ಅಂತ ಮಗಳು ಫೋನಿನಲ್ಲಿ ಹೇಳಿದಳು, ಆಮೇಲೆ ಫೋನಿನ ಚಾರ್ಜೂ ಹೋಯಿತು. ಕರೆಂಟ್ ಬಂದದ್ದು ನಾಲ್ಕನೇ ದಿನ. ಅಷ್ಟರಲ್ಲಿ ಫ್ರೀಜರಿನಲ್ಲಿದ್ದ 4 ಕೆಜಿ ಹಂದಿ ಮಾಂಸಕ್ಕೆ ನಮ್ಮ ಕಡೆಯ ಕಪ್ಪು ಹುಳಿ ಕಾಚಂಪುಳಿ ಹಾಕಿ ಒಂದೇ ದಿನ ಬೇಯಿಸಿ, ಅಕ್ಕಪಕ್ಕದವರನ್ನೆಲ್ಲ ಕರೆದು ಬಡಿಸಿದ್ದೆವು. ಎಲ್ಲರೂ ಏನು ವಿಶೇಷ ಅಂತ ಕೇಳಿದರು. ಅವ್ವ ಅಟ್ಟದ ಕಡೆಗೆ ಒಮ್ಮೆ ನೋಡಿದಳು. ಬಾಯಿ ಬಿಡಲಿಲ್ಲ.

ಅಲ್ಲಿಯವರೆಗೆ ಅವ್ವ ಆ ಫ್ರಿಜ್ಜನ್ನು ಮುಟ್ಟಿಯೇ ಇರಲಿಲ್ಲ. ಒಂದು ದಿನ ಹಾಲು ಇಡಲು ಹೋದವಳು ಬಾಗಿಲು ಹಿಡಿದು ನಿಂತುಬಿಟ್ಟಳು. ಎಡ ರೆಕ್ಕೆಯ ಅಂಚಿಗೆ ಒಂದು ಮಡಚುವ ಪಟ್ಟಿ ಇದೆ, ಬಾಗಿಲು ಹಾಕುವಾಗ ಟಕ್ ಅಂತ ಹೊರಳಿ ಎರಡು ರೆಕ್ಕೆಗಳ ನಡುವಿನ ಸಂದಿಯನ್ನು ಮುಚ್ಚುತ್ತದೆ. ಆ ಸಂದಿಯಲ್ಲಿ ನೀರು ಬೆವರಬಾರದು ಅಂತ ಪಟ್ಟಿಯೊಳಗೆ ಸಣ್ಣ ಹೀಟರ್ ಇಟ್ಟಿರುತ್ತಾರೆ. ಅವ್ವನ ಬೆರಳು ಅದಕ್ಕೆ ತಗುಲಿತ್ತು. "ಇದು ಬೆಚ್ಚಗಿದೆಯಲ್ಲೋ!" ಅಂದಳು. ಆಮೇಲೆ ಪಕ್ಕದ ಸಂದಿಗೆ ಕೈ ಹಾಕಿ ನೋಡಿದಳು. ಅಲ್ಲಿ ಇನ್ನೂ ಬೆಚ್ಚಗಿತ್ತು. ಏನೂ ಹೇಳದೆ ಹಾಲು ಇಟ್ಟು ಹೋದಳು.

ನಾಲ್ಕು ದಿನ ಬಿಟ್ಟು ನನಗೆ ಒಣಗಿದ ಸಾಕ್ಸ್ ಸಿಕ್ಕಿತು. ಜುಲೈಯಲ್ಲಿ! ನಮ್ಮಲ್ಲಿ ಜುಲೈಯಲ್ಲಿ ಬೂಷ್ಟು ಹಿಡಿಯದ ವಸ್ತುವೇ ಇಲ್ಲ, ಬೆಲ್ಟಿಗೆ, ಚಪ್ಪಲಿಗೆ, ಗೋಡೆಯಲ್ಲಿರುವ ಅಜ್ಜನ ಫೋಟೋಕ್ಕೂ ಹಿಡಿಯುತ್ತದೆ. ಜಿಗಣೆ ಕಚ್ಚದಿರಲಿ ಅಂತ ತೋಟಕ್ಕೆ ಎರಡೆರಡು ಜೊತೆ ಸಾಕ್ಸ್ ಹಾಕುವ ನನಗೆ, ಬೆಳಿಗ್ಗೆ ಬೆಚ್ಚಗಿನ ಸಾಕ್ಸ್ ಅಂದರೆ ಸ್ವರ್ಗ. ಎಲ್ಲಿ ಒಣಗಿತು ಅಂತ ಕೇಳುವಷ್ಟು ಮೂರ್ಖ ನಾನಲ್ಲ.

ಆಗಸ್ಟಿನಲ್ಲಿ ಫ್ರಿಜ್ ಕೆಟ್ಟಿತು. ಹಗಲು ರಾತ್ರಿ ಗುಂಯ್ ಅನ್ನುತ್ತದೆ, ಮುಟ್ಟಿದರೆ ಮೈ ಸುಡುತ್ತದೆ, ಒಳಗೆ ಐಸ್‌ಕ್ರೀಮ್ ಪಾಯಸವಾಗಿದೆ. ಕಂಪ್ಲೇಂಟ್ ಕೊಟ್ಟು ಒಂಬತ್ತು ದಿನಕ್ಕೆ ಮಡಿಕೇರಿಯಿಂದ ಒಬ್ಬ ಹುಡುಗ ಬೈಕಿನಲ್ಲಿ, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಂದ. ಶೂ ಜಗಲಿಯಲ್ಲಿ ಬಿಟ್ಟು ಒಳಗೆ ಬಂದವನು ಎರಡು ನಿಮಿಷ ಫ್ರಿಜ್ಜಿಗೆ ಕಿವಿಗೊಟ್ಟ. ಆಮೇಲೆ ಟಾರ್ಚ್ ಹಾಕಿ ಪಕ್ಕದ ಸಂದಿ ನೋಡಿದ. ಕೈ ಹಾಕಿ ಎಳೆಯತೊಡಗಿದ. ನನ್ನ ಸಾಕ್ಸ್ ಐದು. ಒಂದು ಬನಿಯನ್. ಹೆಂಡತಿ ಕಳೆದೇಹೋಯಿತು ಅಂದುಕೊಂಡಿದ್ದ ಶಾಲು. ಪ್ಲಾಸ್ಟಿಕ್ ಕವರಿನಲ್ಲಿ ಬೆಂಕಿಪೊಟ್ಟಣ, ಇನ್ನೊಂದು ಕವರಿನಲ್ಲಿ ಹಪ್ಪಳ. ಮೇಲಿನ ಸಂದಿಯಲ್ಲಿ ಅಷ್ಟುದ್ದಕ್ಕೂ ಮಡಚಿಟ್ಟ ಕಂಬಳಿ.

"ಸಾರ್, ಈ 2 ಇಂಚು ಖಾಲಿ ಇರ್ಬೇಕು. ಗಾಳಿ ಆಡೋಕೆ ಬಿಟ್ಟಿರೋ ಜಾಗ ಇದು."

"ಗಾಳಿಗೆ ಹೊರಗೆ ಜಾಗ ಇಲ್ವಾ?" ಅಂದಳು ಅವ್ವ.

ಹುಡುಗ ನನ್ನ ಮುಖ ನೋಡಿದ. ನಾನು ಹಪ್ಪಳ ನೋಡಿದೆ. ಕೆಟ್ಟದ್ದು ಏನೂ ಇಲ್ಲ, ಸಂಜೆಗೆ ತಾನೇ ಸರಿಹೋಗುತ್ತದೆ ಅಂದು ಅವನು ಫಾರಂ ತುಂಬತೊಡಗಿದ. 'ಸಮಸ್ಯೆಗೆ ಕಾರಣ' ಅನ್ನುವ ಕಡೆ ಪೆನ್ನು ನಿಂತಿತು. ಅಷ್ಟರಲ್ಲಿ ಅವ್ವ ಕಾಫಿ ತಂದಳು. ಲೋಟ ಕೊಡುವಾಗ ಅವನ ಕಾಲಿನ ಕಡೆ ನೋಡಿದಳು. ನಮ್ಮ ಹೊಸ ಟೈಲ್ಸಿನ ಮೇಲೆ ಅವನು ನಡೆದಲ್ಲೆಲ್ಲ ಒದ್ದೆ ಹೆಜ್ಜೆ.

"ಅಯ್ಯೋ ಮಗಾ, ಸಾಕ್ಸೆಲ್ಲ ಒದ್ದೆ ಆಗಿದೆಯಲ್ಲ. ಬಿಚ್ಚಿ ಕೊಡು ಇಲ್ಲಿ. ಕಾಫಿ ಕುಡಿಯೋದ್ರೊಳಗೆ ಒಣಗುತ್ತೆ."

ಹುಡುಗ ಕಿಟಕಿಯಿಂದ ಹೊರಗೆ ಸುರಿಯುತ್ತಿದ್ದ ಮಳೆ ನೋಡಿದ. ಈಗಷ್ಟೇ ಖಾಲಿ ಮಾಡಿದ ಸಂದಿ ನೋಡಿದ. ಲೋಟ ಕಟ್ಟೆಯ ಮೇಲಿಟ್ಟು, ಬಗ್ಗಿ, ಬಲಗಾಲಿನ ಸಾಕ್ಸ್ ಬಿಚ್ಚತೊಡಗಿದ.