ಕೊನೇ ಪುಟದ ಭಾವ

ನಾನು ಈಗ ಓದುತ್ತಿರುವ ಕಾದಂಬರಿಯಲ್ಲಿ ಒಬ್ಬ ಸಾಯುತ್ತಾನೆ. ಯಾರು ಅಂತ ಗೊತ್ತಿಲ್ಲ. ಗಂಡಸು ಅನ್ನುವುದು ಮಾತ್ರ ಖಾತ್ರಿ. ಅಜ್ಜ ಕೆಮ್ಮಿದರೆ ಇವನೇ ಇರಬೇಕು ಅನಿಸುತ್ತದೆ. ಮಗ ಬೈಕ್ ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ. ನಿನ್ನೆ ರಾತ್ರಿ ಓದಿದ ಕಡೆ ಪೋಸ್ಟ್‌ಮ್ಯಾನ್ ಒಬ್ಬ ಬಂದ, ಮಜ್ಜಿಗೆ ಕುಡಿದ, ಹೋದ. ಅರ್ಧ ಪುಟದ ಪಾತ್ರ. ಅವನ ಮೇಲೂ ನನಗೆ ಅನುಮಾನ. ಪತ್ತೇದಾರಿ ಕಾದಂಬರಿಯನ್ನೂ ನಾನು ಇಷ್ಟು ಆತಂಕದಲ್ಲಿ ಓದಿದವನಲ್ಲ. ಇದು ನೋಡಿದರೆ ಒಂದು ತೋಟದ ಮನೆಯ ಕಥೆ.

ಇದಕ್ಕೆಲ್ಲ ಕಾರಣ ಭಾವ.

ಭಾವ ಅಂದರೆ ಅಕ್ಕನ ಗಂಡ ಅಂದುಕೊಳ್ಳಬೇಡಿ. ನಮ್ಮ ಶಿರಸಿ ಕಡೆ ಹವ್ಯಕರಲ್ಲಿ ಸಂಬಂಧ ಯಾವ ಬಳ್ಳಿ ಹಿಡಿದು ಬಂತು ಅಂತ ನೆನಪಾಗದಿದ್ದರೆ ‘ಭಾವ’ ಅಂದುಬಿಟ್ಟರೆ ಆಯಿತು, ಯಾರಿಗೂ ಬೇಜಾರಿಲ್ಲ. ಇವನೂ ಅಂಥ ಭಾವ. ಯಾವುದೋ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ. ಅಲ್ಲಿಂದ ಶುರುವಾದ ನೆಂಟಸ್ತನ. ಅವತ್ತೂ ಪಾಯಸ ಬರುವ ಮೊದಲೇ ‘ಇವತ್ತು ಪಾಯಸ ಸಪ್ಪೆ’ ಅಂತ ಹೇಳಿದ್ದ. ಆಗಲೇ ನಾನು ಹುಷಾರಾಗಬೇಕಿತ್ತು.

ಕಳೆದ ಭಾನುವಾರ ದೇವಿಕೆರೆ ಹತ್ತಿರದ ಒಂದು ಸಭಾಭವನದಲ್ಲಿ ‘ಬೃಹತ್ ಪುಸ್ತಕ ಪ್ರದರ್ಶನ ಮತ್ತು ಮಾರಾಟ’ ಅಂತ ಬ್ಯಾನರ್ ಕಂಡಿತು. ಬ್ಯಾನರು ನಿಜವಾಗಲೂ ಬೃಹತ್. ಒಳಗೆ ಹತ್ತು ಹನ್ನೆರಡು ಮೇಜು. ಅಷ್ಟಾದರೂ ಬಂದರಲ್ಲ ಅಂತ ಖುಷಿಯಾಯಿತು. ನಮ್ಮ ಊರಿಗೆ ಪುಸ್ತಕದವರು ಬರೋದೇ ಮಳೆ ಪೂರ್ತಿ ಬಿಟ್ಟ ಮೇಲೆ. ಜುಲೈನಲ್ಲಿ ಬಂದರೆ ನೂರು ಪುಟದ ಪುಸ್ತಕ ಥಂಡಿ ಕುಡಿದು ಇನ್ನೂರು ಪುಟದ್ದಾಗಿ ಕೂತಿರುತ್ತದೆ. ಮನೆಯ ಪುಸ್ತಕಗಳನ್ನೂ ನಾವು ನವೆಂಬರಿನಲ್ಲೇ ಬೂಷ್ಟು ಒರೆಸಿ, ಅಡಕೆ ಅಟ್ಟದ ಒಂದು ಮೂಲೆಯಲ್ಲಿ ಬಿಸಿಲಿಗೆ ಹಾಕೋದು. ಒರಲೆ ತಿಂದು ಉಳಿದಿದ್ದನ್ನು ಹೇಳ್ತಾ ಇದ್ದೇನೆ.

ಪುಸ್ತಕ ಪ್ರದರ್ಶನಕ್ಕೆ ಹೋಗುವ ಸುಖ ಏನು ಗೊತ್ತಾ? ಇಂಥದೇ ಬೇಕು ಅಂತ ಏನೂ ಇಲ್ಲದೆ ಹೋಗೋದು. ಬೇಕಾದ್ದನ್ನು ತರಿಸಲಿಕ್ಕೆ ಮೊಬೈಲ್ ಇದೆ. ಹೆಸರು ಒತ್ತಿದರೆ ನಾಲ್ಕು ದಿನಕ್ಕೆ ಮನೆ ಬಾಗಿಲಿಗೆ ಬರುತ್ತದೆ, ಹಾದಿ ಗೊತ್ತಾಗದೆ ಪಕ್ಕದ ಊರಿಗೆ ಹೋಗದಿದ್ದರೆ. ಆದರೆ ಮೇಜಿನಿಂದ ಮೇಜಿಗೆ ಸುಮ್ನೆ ಹೋಗುತ್ತಾ, ಒಂದನ್ನು ಎತ್ತಿ, ಬೆನ್ನುಡಿ ಓದಿ, ಬೆಲೆ ನೋಡಿ, ಮೆಲ್ಲಗೆ ಕೆಳಗಿಟ್ಟು, ಮತ್ತೆ ಹಿಂದೆ ಬಂದು ಅದನ್ನೇ ಎತ್ತೋದಿದೆಯಲ್ಲ, ಅದು ಮೊಬೈಲಿನಲ್ಲಿ ಆಗೋದಿಲ್ಲ. ಈ ಕೆಲಸಕ್ಕೆ ಒಂದೇ ಒಂದು ಅನುಕೂಲ ಬೇಕು. ಯಾರೂ ಮಾತಾಡಿಸಬಾರದು.

ಮೊದಲು ಮಾತಾಡಿಸಿದವನು ಮಾರಾಟದ ಹುಡುಗ. ಹುಬ್ಬಳ್ಳಿ ಕಡೆಯವನು. ‘ಏನ್ ಬೇಕಿತ್ರಿ ಸರ?’ ಅಂದ. ‘ಸುಮ್ನೆ ನೋಡ್ತಾ ಇದ್ದೆ’ ಅಂದೆ. ‘ನೋಡ್ರಿ, ನೋಡ್ರಿ’ ಅಂತ ಧಾರಾಳವಾಗಿ ಹೇಳಿ ನನ್ನ ಹಿಂದೆಯೇ ಹೊರಟ. ನಾನು ಮುಟ್ಟಿ ಇಟ್ಟ ಪ್ರತಿ ಪುಸ್ತಕವನ್ನೂ ಅವನು ಮತ್ತೆ ಸರಿ ಮಾಡಿ ಇಡುತ್ತಿದ್ದ. ನಾನು ಎಷ್ಟೇ ನೇರವಾಗಿ ಇಟ್ಟರೂ ಅವನಿಗೆ ಸೊಟ್ಟ. ಕೊನೆಗೆ ನಾನು ಪುಸ್ತಕ ಎತ್ತೋದನ್ನೇ ಬಿಟ್ಟು, ಕೈ ಹಿಂದೆ ಕಟ್ಟಿ, ಕತ್ತು ಓರೆ ಮಾಡಿ ಹೆಸರು ಓದುತ್ತಾ ಸಾಗಿದೆ.

ಜೋಡಿಸಿದವರು ಯಾರೋ, ಅವರಿಗೊಂದು ನಮಸ್ಕಾರ. ಯಶವಂತ ಚಿತ್ತಾಲರ ‘ಶಿಕಾರಿ’ ಕಾಡುಪ್ರಾಣಿಗಳ ಮೇಜಿನಲ್ಲಿತ್ತು, ಒಂದು ಕಡೆ ಹುಲಿ, ಇನ್ನೊಂದು ಕಡೆ ಹಾವು. 1979ರ ಕಾದಂಬರಿ, ಮುಂಬಯಿಯ ಕಂಪನಿ ಆಫೀಸಿನ ಒಳಗಿನ ಬೇಟೆಯ ಕಥೆ. ಬರೆದವರು ನಮ್ಮದೇ ಜಿಲ್ಲೆಯ ಹನೇಹಳ್ಳಿಯವರು. ಹುಡುಗನಿಗೆ ಹೇಳಿದೆ. ‘ಹುಲಿ ಇಲ್ಲೇನ್ರಿ ಅದ್ರಾಗ?’ ಅಂದ. ಮನುಷ್ಯರೇ ಇದ್ದಾರೆ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ, ಹುಲಿ ಪಕ್ಕದಲ್ಲೇ ಬಿಟ್ಟ. ಆಮೇಲೆ ಶಾಲೆ ಹುಡುಗನೊಬ್ಬ ಬಂದು ಚದುರಂಗದ ಪುಸ್ತಕ ಕೇಳಿದ. ಇವನು ಓಡಿ ಹೋಗಿ ತಂದುಕೊಟ್ಟಿದ್ದು ‘ವೈಶಾಖ’. ಚದುರಂಗ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದವರ ಕಾದಂಬರಿ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಆ ಹುಡುಗ ಪುಟ ತಿರುವಿ ತಿರುವಿ ಆನೆ, ಕುದುರೆ ಹುಡುಕುತ್ತಿದ್ದ.

ನಾಟಕದ ಪುಸ್ತಕ ಎಲ್ಲಿ ಅಂದರೆ ಮೇಜಿನ ಕೆಳಗಿನ ರಟ್ಟಿನ ಡಬ್ಬಿಯಲ್ಲಿ. ಗಿರೀಶ ಕಾರ್ನಾಡರು ಹುಡುಗರಾಗಿದ್ದಾಗ ಯಕ್ಷಗಾನ, ಕಂಪನಿ ನಾಟಕ ನೋಡಿ ಬೆಳೆದ ಊರು ಇದು. ಇಲ್ಲೇ ಅವರ ನಾಟಕ ಬೇಕಂದರೆ ಮೊಣಕಾಲೂರಿ ಹುಡುಕಬೇಕು. ಮೇಲಿನ ಜಾಗ ಎಲ್ಲ ವ್ಯಕ್ತಿತ್ವ ವಿಕಸನ, ಮನೆಮದ್ದು ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿಗೆ. ಹೋಗಲಿ ಬಿಡಿ, ಗೈಡು ಮಾರಿದ ದುಡ್ಡಿನಲ್ಲೇ ಅವರು ಉಳಿದ ಮೇಜಿನ ಬಾಡಿಗೆ ಕಟ್ಟಬೇಕಲ್ಲ.

ಕತ್ತು ಓರೆ ಮಾಡಿಕೊಂಡೇ ಕಾದಂಬರಿ ಮೇಜಿಗೆ ಬಂದೆ. ಒಂದು ಪುಸ್ತಕ ಹಿಡಿಸಿತು. ಹೆಸರು ಹೇಳೋದಿಲ್ಲ. ಹೇಳಿದರೆ ನಾನೂ ಭಾವನ ಜಾತಿಗೆ ಸೇರಿದ ಹಾಗೆ. ಮೊದಲ ಪುಟ ಓದಿದೆ, ಎರಡನೇದೂ ಓದಿದೆ. ಮುಖಪುಟವೂ ಚೆನ್ನಾಗಿತ್ತು, ರಿಯಾಯಿತಿಯ ಸ್ಟಿಕರನ್ನು ಲೇಖಕರ ಹೆಸರಿನ ಮೇಲೆಯೇ ಅಂಟಿಸಿದ್ದು ಬಿಟ್ಟರೆ. ಉಗುರಿನಿಂದ ಮೆಲ್ಲಗೆ ಕೆರೆಯುತ್ತಾ ನಿಂತಿದ್ದೆ. ಹಿಂದಿನಿಂದ ಒಂದು ಕೈ ಬಂದು ಪುಸ್ತಕ ಕಸಿದುಕೊಂಡಿತು.

‘ಓಹೋ, ಭಾವ! ಎಂತ ಪುಸ್ತಕ?’

ನಾನು ಬಾಯಿ ತೆರೆಯುವ ಮೊದಲೇ ಭಾವ ಕೊನೇ ಪುಟ ತೆಗೆದಿದ್ದ. ಕನ್ನಡಕ ಹಣೆಗೇರಿಸಿ, ಪುಸ್ತಕ ಮೂಗಿನ ಹತ್ತಿರ ತಂದು ಓದಿದ. ಮುಚ್ಚಿದ. ವಾಪಸು ಕೊಟ್ಟ.

‘ಅಡ್ಡಿಲ್ಲೆ, ಚೊಲೋ ಇದ್ದು. ಕಡಿಗೆ ಅವ ಸಾಯ್ತ.’

ಅಕ್ಕಪಕ್ಕದ ಇಬ್ಬರು ತಿರುಗಿ ನೋಡಿದರು. ಅವರ ಕೈಯಲ್ಲೂ ಅದೇ ಪುಸ್ತಕ ಇದ್ದಿದ್ದರೆ ಏನು ಗತಿ? ‘ಯಾರು ಸಾಯ್ತ?’ ಅಂತ ನನ್ನ ಬಾಯಿಂದ ಬಂದೇಬಿಟ್ಟಿತು. ‘ಹೆಸರು ಹಾಕಿದ್ನಿಲ್ಲೆ. ಅವ ಹೇಳಿ ಅಷ್ಟೇ ಇದ್ದು’ ಅಂದ. ಹೆಸರಿಗಾಗಿ ಹಿಂದಿನ ಪುಟ ನೋಡುವಷ್ಟು ಆಸಕ್ತಿ ಅವನಿಗಿಲ್ಲ. ಅವನದು ಕೊನೇ ಪುಟ ಮಾತ್ರ.

ಆಮೇಲೆ ಭಾವ ನನ್ನ ಜೊತೆಗೇ ಹೊರಟ. ಮುಂದೆ ನಾನು, ನಡುವೆ ಭಾವ, ಹಿಂದೆ ಪುಸ್ತಕ ನೇರ ಮಾಡುವ ಹುಡುಗ. ಟೆಂಡರಿಗೆ ಬಂದ ಅಡಕೆ ರಾಶಿಗೆ ಕೈ ಹಾಕಿ ನಾಲ್ಕು ಎತ್ತಿ ನೋಡಿ ದರ ಹೇಳುವ ವ್ಯಾಪಾರಿಯ ಹಾಗೆ, ಭಾವ ಒಂದೊಂದು ಪುಸ್ತಕದ ಬಾಲ ಹಿಡಿದು ತೀರ್ಪು ಕೊಡುತ್ತಾ ಬಂದ. ‘ಇವಳಿಗೆ ಮದುವೆ ಆಗ್ತು.’ ‘ಇವ ಊರಿಗೆ ವಾಪಸ್ ಬತ್ತ.’ ‘ಇದ್ರಲ್ಲಿ ಕಡಿಗೆ ಮಳೆ ಬತ್ತು, ಮತ್ತೆಂತೂ ಇಲ್ಲೆ.’

ಆತ್ಮಕಥೆಗಳ ಮೇಜಿನಲ್ಲಿ ಅವನಿಗೆ ಬೇಜಾರು. ‘ಇದ್ರಲ್ಲಿ ಯಾರೂ ಸಾಯ್ತ್ವಿಲ್ಲೆ ಮಾರಾಯ.’ ಬರೆದವರೇ ಹೇಗೆ ಸಾಯ್ತಾರೆ ಭಾವ ಅಂದೆ. ಯೋಚನೆ ಮಾಡಿ, ಹೌದು ಅಂದ. ಇತಿಹಾಸದ ದಪ್ಪ ಪುಸ್ತಕದ ಕೊನೇ ಪುಟದಲ್ಲಿ ಪದಸೂಚಿ. ‘ಇದೆಂತ, ಮತದಾರರ ಪಟ್ಟಿಯಾ?’ ಅಂತ ಕೆಳಗಿಟ್ಟ. ಅಡುಗೆ ಪುಸ್ತಕದ ಕೊನೇ ಸಾಲನ್ನು ಗಟ್ಟಿಯಾಗಿ ಓದಿದ: ‘ಕೊತ್ತಂಬರಿ ಸೊಪ್ಪು ಉದುರಿಸಿ ಬಿಸಿಯಾಗಿ ಬಡಿಸಿ.’ ಇದೊಂದು ಪುಸ್ತಕದ ಕೊನೆ ಅವನಿಗೆ ಪೂರ್ತಿ ಒಪ್ಪಿಗೆಯಾಯಿತು. ಕವನ ಸಂಕಲನ ತೆಗೆದ, ಕೊನೇ ಪುಟ ಓದಿದ, ನಡುವಿನದೊಂದು ಓದಿದ, ಮತ್ತೆ ಕೊನೇದು ಓದಿದ. ‘ಇದು ಯಾವ ಬದಿಯಿಂದ ಓದಿದ್ರೂ ಒಂದೇ’ ಅಂತ ಇಟ್ಟ. ವ್ಯಕ್ತಿತ್ವ ವಿಕಸನದ ಪುಸ್ತಕವೊಂದರ ಕೊನೇ ಸಾಲು ‘ಇಂದೇ ಆರಂಭಿಸಿ’ ಅಂತಿತ್ತು. ಭಾವನಿಗೆ ಸಿಟ್ಟೇ ಬಂತು. ‘ಪುಸ್ತಕ ಮುಗಿದ್ಮೇಲೆ ಶುರು ಮಾಡು ಹೇಳ್ತ ಇವ! ಮೊದ್ಲೇ ಹೇಳಲೆ ಎಂತ ಆಗಿತ್ತು ಇವಂಗೆ?’

ಆ ಹೊತ್ತಿಗೆ ಒಬ್ಬರು ಟೀಚರಮ್ಮ ಬಂದು ಬೂಕರ್ ಬಂದ ಕನ್ನಡ ಕಾದಂಬರಿ ಕೇಳಿದರು. ಕಾದಂಬರಿ ಅಲ್ಲ, ಕಥೆಗಳು ಅಂತ ನಾನು ನಡುವೆ ಬಾಯಿ ಹಾಕಿದೆ. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು. ಸಣ್ಣಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಟೀಚರಮ್ಮ ಥ್ಯಾಂಕ್ಸ್ ಅಂದರು. ಭಾವ ಮಾತ್ರ ಹನ್ನೆರಡು ಅಂತ ಕೇಳಿಯೇ ಹೌಹಾರಿದ. ‘ಅಂದ್ರೆ ಹನ್ನೆರಡು ಕಡೇ ಪುಟ ನೋಡಕಾತು! ನಂಗೆ ಬಸ್ಸಿದ್ದು ಮಾರಾಯ.’ ಆ ಪುಸ್ತಕ ಬಚಾವಾಯಿತು.

ತಡೆಯಲಾರದೆ ಕೇಳಿಯೇಬಿಟ್ಟೆ. ಭಾವ, ನೀನು ಕೊನೆ ಓದೋದು ಓದಿಕೋ, ನಮಗೆಲ್ಲ ಯಾಕೆ ಹೇಳ್ತೆ? ಗೊತ್ತಾದ ಮೇಲೆ ಓದೋದಾದರೂ ಯಾಕೆ?

ಭಾವ ನನ್ನನ್ನು ಪಾಪದವನನ್ನು ನೋಡುವ ಹಾಗೆ ನೋಡಿದ. ‘ಗದಾಯುದ್ಧದಲ್ಲಿ ಕೌರವ ಸಾಯ್ತ ಹೇಳಿ ನಿಂಗೆ ಗೊತ್ತಿಲ್ಯ? ಆದ್ರೂ ಬೆಳಗಿನ ತನಕ ಕೂತು ನೋಡ್ತಿಲ್ಯ?’

ನನಗೆ ಮಾತೇ ಹೊರಡಲಿಲ್ಲ. ಹೌದಲ್ಲ! ಚಳಿಯಲ್ಲಿ ಕಂಬಳಿ ಹೊದ್ದು, ಚಾ ಕುಡಿದು, ಕಣ್ಣು ಉಜ್ಜಿಕೊಳ್ಳುತ್ತಾ ಕಾದಿದ್ದೇವೆ. ಕೌರವನ ವೇಷ ಕೆರೆಯೊಳಗಿಂದ ಎದ್ದು ಬರೋದು, ಭೀಮನ ಗದೆ ತೊಡೆಗೆ ಬೀಳೋದು, ಎಲ್ಲಾ ಗೊತ್ತು. ಗೊತ್ತಿದ್ದೇ ಹೋಗೋದು. ಯಾವ ಭಾಗವತರು, ಯಾರ ಕೌರವ, ಈ ಸಲ ಎಷ್ಟು ಹೊತ್ತು ಮಾತಾಡುತ್ತಾನೆ, ಅದನ್ನು ನೋಡಲಿಕ್ಕೆ. ಇದಕ್ಕೆ ಉತ್ತರ ಹೊಳೆದಿದ್ದು ರಾತ್ರಿ ಹಾಸಿಗೆಯಲ್ಲಿ, ಆ ಪೋಸ್ಟ್‌ಮ್ಯಾನ್ ಮಜ್ಜಿಗೆ ಕುಡಿಯುವಾಗ. ಗದಾಯುದ್ಧದಲ್ಲಿ ಸಾಯೋದು ಯಾರು ಅಂತಾದರೂ ಗೊತ್ತಿರುತ್ತದಲ್ಲ ಭಾವ!

ಆದರೆ ಅವತ್ತು ಭಾವ ಅಲ್ಲಿಗೇ ನಿಲ್ಲಿಸಲಿಲ್ಲ. ಹಳೇ ಪುಸ್ತಕಗಳ ರಾಶಿಯ ಮುಂದೆ ನಿಂತು, ಬೈಂಡು ಕಿತ್ತುಹೋದ ಒಂದನ್ನು ಹಿಂದುಮುಂದು ತಿರುಗಿಸುತ್ತಾ ತಾನಾಗಿಯೇ ಹೇಳಿದ. ಅವನು ಸಣ್ಣವನಿದ್ದಾಗ ಅವರ ಊರಿಗೆ ಕಾದಂಬರಿ ಬಂದರೆ ಅದು ಎಲ್ಲರ ಮನೆ ತಿರುಗಬೇಕಿತ್ತಂತೆ. ಇವರದು ಘಟ್ಟದ ಅಂಚಿನ ಕೊನೇ ಮನೆ. ಪುಸ್ತಕ ಅಲ್ಲಿಗೆ ಮುಟ್ಟುವ ಹೊತ್ತಿಗೆ ಬಾಲ ಉದುರಿರುತ್ತಿತ್ತು. ಅವನ ಆಯಿಗೆ, ಅಂದರೆ ಅಮ್ಮನಿಗೆ, ಓದುವ ಹುಚ್ಚು. ಅಂಥದೊಂದರಲ್ಲಿ ಗಂಡನ ಮನೆ ಬಿಟ್ಟು ಬಂದ ಹುಡುಗಿಯೊಬ್ಬಳು ತವರಿನ ಜಗಲಿಯಲ್ಲಿ ಕೂತಿದ್ದಾಳೆ, ಗಂಡ ಕರೆಯಲು ಬಂದು ಅಂಗಳದಲ್ಲಿ ನಿಂತಿದ್ದಾನೆ. ಅಲ್ಲಿಗೆ ಪುಟ ಮುಗಿಯಿತು. ಆಯಿ ಆ ಕಥೆಯನ್ನು ವರ್ಷಗಟ್ಟಲೆ, ಅಡಕೆ ಗೊನೆ ಕೊಯ್ಲಿನ ದಿನಗಳಲ್ಲಿ, ರಾತ್ರಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಕೆ ಸುಲಿಯುವಾಗ ಎಲ್ಲರಿಗೂ ಹೇಳುತ್ತಿದ್ದಳಂತೆ. ಒಂದು ರಾತ್ರಿ ಹುಡುಗಿಯನ್ನು ಗಂಡನ ಜೊತೆ ಕಳಿಸುತ್ತಿದ್ದಳು. ಅಪ್ಪನ ಮೇಲೆ ಸಿಟ್ಟು ಬಂದ ದಿನ ಕಳಿಸುತ್ತಿರಲಿಲ್ಲ.

‘ಅದ್ಕೇಯ, ಕಡೇ ಪುಟ ಇದ್ದಾ ಇಲ್ಯಾ ನೋಡ್ಕ್ಯಳೋದು’ ಅಂದ ಭಾವ.

ನನ್ನ ಸಿಟ್ಟು ಅರ್ಧ ಇಳಿಯಿತು. ಅರ್ಧ ಮಾತ್ರ. ಕೊನೇ ಪುಟ ಇದೆಯೋ ಇಲ್ಲವೋ ನೋಡಿಕೊಳ್ಳಲಿ, ಬೇಡ ಅನ್ನುವವರು ಯಾರು? ಇದ್ದರೆ ಇದೆ ಅನ್ನಲಿ. ಅದರಲ್ಲಿ ಯಾರು ಸತ್ತರು, ಯಾರಿಗೆ ಮದುವೆಯಾಯಿತು ಅಂತ ಇಡೀ ಹಾಲ್‌ಗೆ ಕೇಳುವ ಹಾಗೆ ಯಾಕೆ ಸಾರಬೇಕು? ಅವನ ಆಯಿ ಕೂಡ ಎದುರಿಗಿದ್ದವರನ್ನು ನಾಳೆ ರಾತ್ರಿಯವರೆಗೆ ಕಾಯಿಸುತ್ತಿದ್ದಳಲ್ಲ. ಆ ಬುದ್ಧಿ ಇವನಿಗೆ ಸ್ವಲ್ಪವೂ ಬರಲಿಲ್ಲ.

ನಾನು ಅದೇ ಕಾದಂಬರಿ ತೆಗೆದುಕೊಂಡೆ. ಹೇಗೂ ಅರ್ಧ ಸ್ಟಿಕರ್ ಕೆರೆದು ಹಾಕಿದ್ದೆ, ಹಿಂದೆ ಇಟ್ಟರೆ ಆ ಹುಡುಗ ನೇರ ಮಾಡುವಾಗ ನೋಡದೇ ಇರುತ್ತಿರಲಿಲ್ಲ. ಡಬ್ಬಿಯಲ್ಲಿ ಹುಡುಕಿ ಒಂದು ನಾಟಕ, ಹುಲಿ ಪಕ್ಕದಿಂದ ಬಿಡಿಸಿಕೊಂಡು ಬಂದ ‘ಶಿಕಾರಿ’ ಕೂಡ ಇಟ್ಟೆ. ಮನೆಯಲ್ಲಿ ಒಂದು ‘ಶಿಕಾರಿ’ ಇದೆ, ಆದರೆ ಅದನ್ನು ಒರಲೆ ನನಗಿಂತ ಮೊದಲು ಓದಿ ಮುಗಿಸಿದೆ. ಭಾವ ಏನೂ ಕೊಳ್ಳಲಿಲ್ಲ. ಎಲ್ಲದರ ಕೊನೆ ಗೊತ್ತಾದ ಮೇಲೆ ಕೊಳ್ಳೋದೇನಿದೆ?

ಬಿಲ್ಲಿನ ಜೊತೆ ಹುಡುಗ ನನಗೆ 2026ರ ಒಂದು ಕ್ಯಾಲೆಂಡರ್ ಪುಕ್ಕಟೆ ಕೊಟ್ಟ. ಭಾವ ಕೈ ಚಾಚಿ ತನಗೂ ಒಂದು ಕೇಳಿದ. ಪುಸ್ತಕ ಕೊಂಡವರಿಗೆ ಮಾತ್ರ ಅಂತ ಹುಡುಗ ಗೊಣಗಿದ. ಆಮೇಲೆ ಏನನಿಸಿತೋ, ಕೊಟ್ಟ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವರ್ಷ ಅದು. ಶಿರಸಿಯವರು ಯಾರೇ ಆಗಲಿ, ಹೊಸ ಕ್ಯಾಲೆಂಡರ್ ಕೈಗೆ ಬಂದರೆ ಮೊದಲು ಫೆಬ್ರುವರಿ, ಮಾರ್ಚ್ ತೆಗೆದು ಜಾತ್ರೆ ಯಾವಾಗ ಅಂತ ನೋಡುತ್ತಾರೆ. ನಾನೂ ಅದನ್ನೇ ನೋಡುತ್ತಿದ್ದೆ.

ಭಾವ ಕನ್ನಡಕ ಹಣೆಗೇರಿಸಿದ, ಕೊನೇ ಹಾಳೆ ಎತ್ತಿದ, ಮೂಗಿನ ಹತ್ತಿರ ತಂದ.

‘ಗುರುವಾರ ಮುಗೀತು’ ಅಂದ.