ಎಲ್ಲಾ ಗೊತ್ತು, ಆದ್ರೂ ನೀವೇ ಹೇಳಿ

ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ಎಐಎಸ್ ಅಂತ ಒಂದಿದೆ, ತೆಗೆದು ನೋಡಿದೀರಾ? 2021ರಲ್ಲಿ ಶುರುವಾಗಿದ್ದು. ನಮ್ಮ ಸಂಬಳ, ಎಫ್‌ಡಿ ಬಡ್ಡಿ, ಯಾವ್ದೋ ಕಾಲದಲ್ಲಿ ತಗೊಂಡು ಮರ್ತೇ ಹೋಗಿದ್ದ ಶೇರಿನ ಚಿಲ್ಲರೆ ಡಿವಿಡೆಂಡು ಎಲ್ಲಾ ಅಲ್ಲಿ ಸಾಲಾಗಿ ನಿಂತಿರತ್ತೆ. ನಮ್ ದುಡ್ಡಿನ ವಿಷ್ಯ ನಮಗಿಂತ ಅವ್ರಿಗೇ ಚೆನ್ನಾಗಿ ಗೊತ್ತು. ಸರಿ, ಗೊತ್ತಿದ್ಮೇಲೆ ಇಷ್ಟು ಕಟ್ಟಪ್ಪಾ ಅಂತ ಬಿಲ್ ಕಳ್ಸಿದ್ರೆ ಮುಗೀತಲ್ವಾ? ಊಹೂಂ. ರಾತ್ರಿ ಗೇಟಿನ ಸದ್ದು ಕೇಳಿಸ್ಕೊಂಡೇ ಮಲಗಿದ್ದ ಅಪ್ಪ ಬೆಳಿಗ್ಗೆ ಎದ್ದು "ನಿನ್ನೆ ಎಷ್ಟೊತ್ತಿಗೆ ಬಂದೆ" ಅಂತ ಕೇಳ್ತಾರಲ್ಲ, ಹಂಗೆ. ರಿಟರ್ನ್ಸ್ ಅಂತ ಫಾರ್ಮ್ ತುಂಬಿ ನಾವೇ ಬಾಯ್ಬಿಡ್ಬೇಕು, ಬಿಟ್ಟಿದ್ದು ಅವ್ರ ಲೆಕ್ಕಕ್ಕೆ ತಾಳೆ ಆಗ್ಬೇಕು, ಆಗ್ಲಿಲ್ವಾ, ನೋಟಿಸು.

ಅದ್ರಲ್ಲೂ ಬಾಡಿಗೆ ಮನೇಲಿರೋರ ಪಾಡು ಕೇಳ್ಬೇಡಿ. ಎಚ್‌ಆರ್‌ಎ ಅಂದ್ರೆ ಸಂಬಳದಲ್ಲಿ ಬರೋ ಮನೆ ಬಾಡಿಗೆ ಭತ್ಯೆ, ಅದಕ್ಕೆ ಟ್ಯಾಕ್ಸ್ ವಿನಾಯಿತಿ ಕ್ಲೇಮ್ ಮಾಡೋಕೆ ವರ್ಷದ ಬಾಡಿಗೆ 1 ಲಕ್ಷ ದಾಟಿದ್ರೆ ಓನರ್ ಪ್ಯಾನ್ ನಂಬರ್ ಕೊಡ್ಬೇಕು. ಅಂದ್ರೆ ತಿಂಗಳಿಗೆ 8,333 ರೂಪಾಯಿ, ಬೆಂಗಳೂರಲ್ಲಿ ಆ ರೇಟಿಗೆ ಒಂದು ಒಳ್ಳೇ ಪಿಜಿ ರೂಮು ಸಿಕ್ಕಿದ್ರೆ ಪುಣ್ಯ. ಹಬ್ಬಕ್ಕೆ ಒಬ್ಬಟ್ಟು ಕಳ್ಸೋ ಓನರ್ ಆಂಟಿ ಹತ್ರ ಹೋಗಿ "ಆಂಟಿ, ಪ್ಯಾನ್ ನಂಬರ್..." ಅಂತ ರಾಗ ಎಳೀರಿ, "ಅಂಕಲ್ ಊರಲ್ಲಿಲ್ಲಪ್ಪ" ಅಂತಾರೆ, ಒಳಗಡೆ ಅಂಕಲ್ ಕೆಮ್ಮೋದು ಕೇಳ್ತಿರತ್ತೆ. ಇಷ್ಟೆಲ್ಲಾ ಆಗಿ ಕೊನೆಗೆ ಸಿಗೋದೆಷ್ಟು ಅಂತ ನೋಡಿದ್ರೆ 1962ರ ರೂಲ್ಸ್ ಪ್ರಕಾರ ಸಂಬಳದ 50 ಪರ್ಸೆಂಟ್ ಲೆಕ್ಕ ಮುಂಬೈ, ದೆಹಲಿ, ಕೋಲ್ಕತ್ತಾ, ಚೆನ್ನೈಗೆ ಮಾತ್ರ, 2025ರಲ್ಲಿ ಫೈಲ್ ಮಾಡುವಾಗ್ಲೂ ಬೆಂಗಳೂರಿಗೆ 40 ಅಷ್ಟೇ ಇತ್ತು. ಇಡೀ ದೇಶದ ರಿಟರ್ನ್ಸ್ ಪ್ರೊಸೆಸ್ ಆಗೋ ಸಿಪಿಸಿ ಇರೋದು ಎಲ್ಲಿ? ಇದೇ ಬೆಂಗಳೂರಲ್ಲಿ! ನಮ್ಮೂರಲ್ಲೇ ಕೂತು ನಮ್ಮೂರು ಮೆಟ್ರೋ ಸಿಟಿ ಅಲ್ಲ ಅಂತ ಲೆಕ್ಕ ಹಾಕ್ತಿದ್ರು ಅಂದ್ರೆ ಎದೆಗಾರಿಕೆ ಬೇಕು ಬಿಡಿ.

ಮಕ್ಕಳ ಸ್ಕೂಲ್ ಫೀಸ್ ರಸೀದಿ ತಂದ್ರೆ ಅದ್ರಲ್ಲಿ ಟ್ಯೂಷನ್ ಫೀಸ್ ಅಷ್ಟೇ ಲೆಕ್ಕ, ಉಳಿದ ಡೆವಲಪ್‌ಮೆಂಟು, ಬಸ್ಸು ಏನೂ ಬರಲ್ಲ. ಪಾಲಿಸಿ, ಪಿಪಿಎಫ್, ಹೋಮ್ ಲೋನ್ ಅಸಲು ಎಲ್ಲಾ ಸೇರ್ಸಿ ಟ್ಯಾಕ್ಸ್ ವಿನಾಯಿತಿ ಕೊಡೋ 80ಸಿ ಸೆಕ್ಷನ್ನಿನ ಮಿತಿ 1.5 ಲಕ್ಷ, 2014ರಿಂದ ಒಂದು ರೂಪಾಯಿ ಅಲ್ಲಾಡಿಲ್ಲ. ಇನ್ನು ಪಿಡಿಎಫ್‌ಗಳು. ಮೊದ್ಲೇ ಕಟ್ ಆದ ಟ್ಯಾಕ್ಸಿನ ಲೆಕ್ಕ ಇರೋ 26ಎಎಸ್‌ಗೆ ಹುಟ್ಟಿದ ದಿನಾಂಕ ಪಾಸ್‌ವರ್ಡು, ಎಐಎಸ್‌ಗೆ ಪ್ಯಾನನ್ನ ಸ್ಮಾಲ್ ಲೆಟರಲ್ಲಿ ಹಾಕಿ ಮುಂದೆ ಹುಟ್ಟಿದ ದಿನಾಂಕ, ಬ್ಯಾಂಕಿನದಕ್ಕೆ ಇನ್ನೇನೋ.

ಇನಿಶಿಯಲ್ ಇಟ್ಕೊಂಡು ಹುಟ್ಟಿದ ನಮ್ಮಂಥೋರಿಗಂತೂ ಇದು ಹೋದ ಜನ್ಮದ ಪಾಪ. ಆಧಾರ್‌ನಲ್ಲಿ ಮಂಜುನಾಥ ಎಚ್ ಕೆ, ಬ್ಯಾಂಕಲ್ಲಿ ಎಚ್ ಕೆ ಮಂಜುನಾಥ. ಪ್ಯಾನ್‌ಗೆ ಸರ್‌ನೇಮ್ ಬೇಕೇ ಬೇಕು ಅಂದ್ರು ಅಂತ ಊರನ್ನೇ ಎಳ್ಕೊಂಡ್ ಬಂದು ಮಂಜುನಾಥ ಹೊಸಹಳ್ಳಿ. ರಿಫಂಡ್ ಬರೋ ಹೊತ್ತಿಗೆ ಈ ಮೂರೂ ಜನ ಒಬ್ರೇ ಅಂತ ಪ್ರೂವ್ ಮಾಡೋ ಕೆಲ್ಸ ಮಂಜುನಾಥಂದೇ.

ಇಷ್ಟೆಲ್ಲಾ ಗುಡ್ಡೆ ಹಾಕ್ಕೊಂಡು ಫಾರ್ಮ್ ಓಪನ್ ಮಾಡಿದ್ರೆ ಅದ್ರಲ್ಲಿ ಒಂದೇ ಒಂದು ರಸೀದಿ ಅಪ್‌ಲೋಡ್ ಮಾಡೋಕೆ ಜಾಗ ಇಲ್ಲ! ಪಾಲಿಸಿ ನಂಬರು, ಕಟ್ಟಿದ ಬಾಡಿಗೆ ಎಲ್ಲಾ ಕೂತು ಟೈಪ್ ಮಾಡ್ಬೇಕು, ಕಾಗದ ಮಾತ್ರ ಮನೇಲೇ ಇಟ್ಕೊಂಡಿರಿ, ಕೇಳಿದಾಗ ಕೊಡಿ ಅಂತ. ಅದೂ ಹೋಗ್ಲಿ ಅಂದ್ರೆ ಟ್ಯಾಕ್ಸ್ ಲೆಕ್ಕ ಹಾಕೋ ಹಳೇ, ಹೊಸ ಎರಡು ರೆಜೀಮ್ ಹೋಲಿಸಿ ನೋಡಿದಾಗ ಎಷ್ಟೋ ಜನಕ್ಕೆ ಹೊಸದರಲ್ಲೇ ಟ್ಯಾಕ್ಸ್ ಕಮ್ಮಿ ಬರತ್ತೆ, ಅದಕ್ಕೆ ಈ ಯಾವ ರಸೀದಿನೂ ಬೇಡ. ಆಂಟಿ ಜೊತೆ ಮುಖ ಕೆಡಿಸ್ಕೊಂಡಿದ್ದು ಲಾಭ.

2025ರಲ್ಲಿ ಜುಲೈ 31 ಇದ್ದ ಗಡುವು ಸೆಪ್ಟೆಂಬರ್ 15ಕ್ಕೆ ಹೋಯ್ತು, ಕೊನೇ ರಾತ್ರಿ ಇನ್ನೊಂದು ದಿನ ಕೊಟ್ರು. ಫೈಲ್ ಆಯ್ತಲ್ಲ ಅಂತ ಕಾಲು ಚಾಚ್ಬೇಡಿ, 30 ದಿನದೊಳಗೆ ವೆರಿಫೈ ಮಾಡ್ಲೇಬೇಕು. ಒಟಿಪಿ ಬರೋದು ಆಧಾರ್‌ಗೆ ಲಿಂಕ್ ಆಗಿರೋ ನಂಬರಿಗೆ, ಆ ಸಿಮ್ ಈಗ ಊರಲ್ಲಿ ಅಮ್ಮನ ಫೋನಲ್ಲಿ. ಫೋನ್ ಮಾಡಿ "ಅಮ್ಮಾ, ಒಂದು ನಂಬರ್ ಬಂದಿದೆ ನೋಡು, ಬೇಗ ಹೇಳು" ಅಂದ್ರೆ:

"ಒಟಿಪಿ ಯಾರಿಗೂ ಹೇಳ್ಬಾರ್ದಂತೆ ಕಣೋ, ಟೀವೀಲಿ ಹೇಳಿದಾರೆ."